ಕೊಲಂಬಸ್ ಹೊರಡದೇ ಇದ್ದಿದ್ದರೆ?

1492ರಲ್ಲಿ ಕೊಲಂಬಸ್ ಹಡಗು ಹತ್ತದೇ ಇದ್ದಿದ್ದರೆ ಅಮೆರಿಕದ ಮೂಲನಿವಾಸಿಗಳು ಉಳಿಯುತ್ತಿದ್ದರಾ? ಬಹಳ ಜನ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಕಲ್ಲಿಕೋಟೆಗೆ ಹೊರಟಿದ್ದ ಇನ್ನೊಬ್ಬನ ಕಥೆಯಲ್ಲಿದೆ.

1500ರ ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಕಬ್ರಾಲ್ 13 ಹಡಗುಗಳೊಂದಿಗೆ ಲಿಸ್ಬನ್ ಬಿಟ್ಟ. ಅವನಿಗೆ ಬೇಕಿದ್ದದ್ದು ಮಲಬಾರಿನ ಕಾಳುಮೆಣಸು. ಆಫ್ರಿಕಾದ ದಡ ಹಿಡಿದು ಹೋದರೆ ಎದುರುಗಾಳಿ. ಅದಕ್ಕೇ ನಾವಿಕರು ಪಶ್ಚಿಮಕ್ಕೆ ದೊಡ್ಡ ಸುತ್ತು ಹಾಕುತ್ತಿದ್ದರು. ಹಾಗೆ ಹೋದವನಿಗೆ ಏಪ್ರಿಲ್ 22ರಂದು ಬ್ರೆಜಿಲ್ ಕಂಡಿತು. ಬೇಕಂತಲೇ ಅತ್ತ ತಿರುಗಿದ ಅನ್ನುವವರೂ ಇದ್ದಾರೆ. ಏನೇ ಇರಲಿ, ಕೊಲಂಬಸ್ ಮನೆಯಲ್ಲೇ ಕೂತಿದ್ದರೂ ಯಾರಾದರೊಬ್ಬರು ಬೇಗನೆ ಆ ದಡ ಮುಟ್ಟುತ್ತಿದ್ದರು ಅಂತಲೇ ನನಗನಿಸುತ್ತದೆ. (ನಮ್ಮ ಅಡುಗೆಮನೆಗೆ ಅಮೆರಿಕದ ಮೆಣಸಿನಕಾಯಿ ಬಂದದ್ದೂ ಈ ಪೋರ್ಚುಗೀಸರ ಓಡಾಟದಿಂದಲೇ. ಮೆಣಸಿನ ಹೆಸರನ್ನೇ ಅದಕ್ಕೂ ಇಟ್ಟೆವು.)

ಯಾರೇ ಹೋಗಿದ್ದರೂ ಸಿಡುಬು ಜೊತೆಗೇ ಹೋಗುತ್ತಿತ್ತು. ಯುರೋಪಿನಲ್ಲಿ ಅದು ಹಳೆಯ ರೋಗ. ಚಿಕ್ಕಂದಿನಲ್ಲಿ ಬಂದು ಬದುಕಿದವರಿಗೆ ಮತ್ತೆ ತಗಲುತ್ತಿರಲಿಲ್ಲ. ಅಮೆರಿಕದವರು ಅದನ್ನು ಕಂಡೇ ಇರಲಿಲ್ಲ. ಹಾಗಾಗಿ ಮನೆಯವರೆಲ್ಲ ಒಟ್ಟಿಗೇ ಹಾಸಿಗೆ ಹಿಡಿದರು. ನೀರು ಕೊಡಲೂ ಯಾರೂ ಉಳಿಯಲಿಲ್ಲ. 1520ರಲ್ಲಿ, ಈಗಿನ ಮೆಕ್ಸಿಕೊದಲ್ಲಿ ಆಳುತ್ತಿದ್ದ ಅಜ್ಟೆಕ್ ಜನರ ದೊರೆ ಕ್ವಿಟ್ಲಾವಾಕ್ ಪಟ್ಟಕ್ಕೆ ಬಂದು ಮೂರು ತಿಂಗಳೂ ಕಳೆಯುವ ಮುಂಚೆ ಸಿಡುಬಿಗೆ ಬಲಿಯಾದ. ಮರುವರ್ಷ ಅವನ ರಾಜಧಾನಿ ಟೆನೋಚ್‌ಟಿಟ್ಲಾನ್ ಸ್ಪೇನಿನವರ ಕೈಗೆ ಬಿತ್ತು.

ಸಿಡುಬು ತಡೆಯುವ ಲಸಿಕೆ ಆಗ ಇನ್ನೂ ಬಂದಿರಲಿಲ್ಲ. ಆದರೆ ಬದುಕುಳಿದವರನ್ನು ದುಡಿಸಿ ಕೊಂದದ್ದು ಮನುಷ್ಯರ ತೀರ್ಮಾನ. 'ಹೀಗಾಗಿದ್ದರೆ' ಅಂತ ಕೇಳಬೇಕಾದದ್ದು ಇಲ್ಲಿಯೇ ಅಲ್ವಾ?

ಅಂಥ ಒಂದು ಗಳಿಗೆ ನಿಜಕ್ಕೂ ಬಂದಿತ್ತು. ಲಾಸ್ ಕಾಸಾಸ್ ಎಂಬ ಪಾದ್ರಿ ವರ್ಷಗಟ್ಟಲೆ ಮೂಲನಿವಾಸಿಗಳ ಪರ ಹೋರಾಡಿದ. 1542ರಲ್ಲಿ ಸ್ಪೇನಿನ ದೊರೆ ಹೊಸ ಕಾನೂನು ತಂದ. ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡುವಂತಿಲ್ಲ. ಊರಿಗೆ ಊರನ್ನೇ ದುಡಿಸಿಕೊಳ್ಳುವ ಹಕ್ಕು ಒಡೆಯ ಸತ್ತ ಮೇಲೆ ಮಕ್ಕಳಿಗೆ ಹೋಗುವಂತಿಲ್ಲ. ಇದು ಜಾರಿಯಾಗಿದ್ದರೆ ಆ ಪದ್ಧತಿ ಒಂದೇ ತಲೆಮಾರಿಗೆ ಮುಗಿಯುತ್ತಿತ್ತು.

ಪೆರುವಿನಲ್ಲಿದ್ದ ಸ್ಪೇನಿನ ಒಡೆಯರು ದಂಗೆ ಎದ್ದರು. 1545ರಲ್ಲಿ ದೊರೆ ಮಣಿದು, ಮಕ್ಕಳಿಗೆ ಹಕ್ಕು ಹೋಗಬಾರದೆಂಬ ಮಾತನ್ನು ಹಿಂತೆಗೆದುಕೊಂಡ. ಕಾನೂನು ಜಾರಿ ಮಾಡಲು ಹೋಗಿದ್ದ ವೈಸರಾಯ್‌ನನ್ನು 1546ರ ಜನವರಿಯಲ್ಲಿ ದಂಗೆಕೋರರು ಕೊಂದರು.

ಅದೇ 1545ರಲ್ಲಿ ಈಗಿನ ಬೊಲಿವಿಯಾದ ಪೊಟೊಸಿಯ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. 1570ರ ದಶಕದಿಂದ ಸುತ್ತಲ ಸೀಮೆಯ ಗಂಡಸರಲ್ಲಿ ಸುಮಾರು ಏಳಕ್ಕೊಬ್ಬರಂತೆ, ಸರದಿಯ ಮೇಲೆ, ಪುಡಿಗಾಸಿನ ಕೂಲಿಗೆ ಅಲ್ಲಿಗೆ ಹೋಗಲೇಬೇಕಾಯಿತು.