ಮುಚ್ಚಳಿಕೆ ಬರೆದುಕೊಟ್ಟ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ ಕಡೆಯ ಗುಡ್ಡದಲ್ಲಿ ಕೆಂಪುಕಲ್ಲು ಕಡಿಯುವ ಯಂತ್ರ ಶುರುವಾದರೆ ಮೊದಲು ಗೊತ್ತಾಗುವುದು ಕೆಳಗಿನ ಮನೆಯ ಅಂಗಳದಲ್ಲಿ. ಒಣಹಾಕಿದ ಅಡಿಕೆಯ ಮೇಲೆ ಧೂಳು ಕೂತಿರುತ್ತದೆ, ಉಜ್ಜಿದರೆ ಬೆರಳೂ ಕೆಂಪಾಗುತ್ತದೆ. ಕುಡಿಯುವ ನೀರಿಗೆಂದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕಲಕಿದರಂತೂ ಮಾತು ಕೋರ್ಟಿಗೇ ಹೋಗುತ್ತದೆ. ಅಲ್ಲಿ ತೀರ್ಪಿಗೂ ಮೊದಲೇ ಕಲ್ಲುಕೋರೆಯವರಿಂದ ಮುಚ್ಚಳಿಕೆ, ಅಂದರೆ ಬರೆದುಕೊಟ್ಟ ಮಾತು, ಬರುವುದುಂಟು: ‘ಸಂಜೆ ಆರರ ನಂತರ ಯಂತ್ರ ಓಡಿಸುವುದಿಲ್ಲ.’ ಊರು ಸಮಾಧಾನವಾಗುತ್ತದೆ. ವರ್ಷ ಕಳೆದು, ಅದನ್ನು ಸಡಿಲಿಸಿ ಎಂದು ಕೋರೆಯವರು ಅರ್ಜಿ ಹಾಕಿದರೆ?

ಮೊದಲು ನೋಡಬೇಕಾದ್ದು, ಮಾತು ಯಾರಿಗೆ ಕೊಟ್ಟದ್ದು ಎಂದು. ಎದುರು ಕಕ್ಷಿಗೆ ಕೊಟ್ಟದ್ದು ಬರಿಯ ರಾಜಿ. ನ್ಯಾಯಾಲಯಕ್ಕೇ ಕೊಟ್ಟದ್ದನ್ನು ಬೇಕೆಂದೇ ಮುರಿದರೆ 1971ರ ಕಾಯ್ದೆಯಂತೆ ನ್ಯಾಯಾಂಗ ನಿಂದನೆ. ಇವೆರಡನ್ನು ಬೆರೆಸಬಾರದೆಂದು ಸುಪ್ರೀಂ ಕೋರ್ಟು 1979ರಲ್ಲಿ ಬಾಬು ರಾಮ್ ಗುಪ್ತಾ ಪ್ರಕರಣದಲ್ಲಿ ಬಿಡಿಸಿ ಹೇಳಿತು.

ಊರವರ ಪಾಲಿಗೆ ದೊಡ್ಡ ತಿರುವು 1976ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿ ಎಂದು ನನ್ನ ಅನಿಸಿಕೆ. ಅಲ್ಲಿವರೆಗೆ ಸಾರ್ವಜನಿಕ ಉಪದ್ರವದ, ಅಂದರೆ ಊರಿಗೆಲ್ಲ ಆಗುವ ತೊಂದರೆಯ, ದಾವೆ ಹೂಡಲು ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲರ ಒಪ್ಪಿಗೆ ಬೇಕಿತ್ತು. ಆಮೇಲೆ ಕೋರ್ಟಿನ ಅನುಮತಿಯಿದ್ದರೆ ಇಬ್ಬರು ಸಾಮಾನ್ಯರೇ 91ನೇ ಕಲಮಿನಡಿ ದಾವೆ ಹೂಡಬಹುದಾಯಿತು. ತಮಗೇ ಪ್ರತ್ಯೇಕ ನಷ್ಟವಾಗಿರಬೇಕೆಂದೂ ಇಲ್ಲ. ಅದೇ ತಿದ್ದುಪಡಿ ಎರಡು ಬೀಗಗಳನ್ನೂ ಹಾಕಿತು. ಇಂಥ ದಾವೆಯಲ್ಲಿ ಕೋರ್ಟಿನ ಅನುಮತಿಯಿಲ್ಲದೆ ಮಾಡಿಕೊಂಡ ರಾಜಿ ಊರ್ಜಿತವಲ್ಲ. ಅನುಮತಿ ಕೊಡುವ ಮೊದಲು ಸಂಬಂಧಪಟ್ಟವರಿಗೆ ನೋಟಿಸು ಹೋಗಬೇಕು. ಇನ್ನೊಂದು, ಎದುರು ಕಕ್ಷಿಯ ಮಾತನ್ನೂ ಕೇಳಿ ಹೊರಡಿಸಿದ ತಡೆಯಾಜ್ಞೆಯನ್ನು ಬದಲಿಸಬೇಕಾದರೆ ಪರಿಸ್ಥಿತಿ ಬದಲಾಗಿರಬೇಕು, ಇಲ್ಲವೇ ಆ ಆಜ್ಞೆಯಿಂದ ಅನುಚಿತ ಸಂಕಷ್ಟವಾಗಿರಬೇಕು.

ತಡೆಯಾಜ್ಞೆಯ ಬದಲಿಗೆ ಬರೆದುಕೊಟ್ಟ ಮುಚ್ಚಳಿಕೆಯನ್ನೂ ಇದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1981ರಲ್ಲಿ ಶನೆಲ್ ಕಂಪನಿಯ ಪ್ರಕರಣದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಗಣನೀಯ ಬದಲಾವಣೆ ಅಥವಾ ಹೊಸ ಸಂಗತಿ ಇರಬೇಕು, ಮೊದಲೇ ಹೇಳಬಹುದಾಗಿದ್ದ ವಾದ ಸಾಲದು. ಕೆಳಗಿನ ಮನೆಗಳೇ ಖಾಲಿಯಾಗಿದ್ದರೆ, ಧೂಳೇಳದಂತೆ ನಿಜವಾಗಿ ವ್ಯವಸ್ಥೆಯಾಗಿದ್ದರೆ ಕೋರೆಯವರ ಅರ್ಜಿಗೆ ಬಲವಿದೆ. ‘ಲಾಭ ಕಡಿಮೆಯಾಯಿತು’ ಎಂಬುದು ಮುಚ್ಚಳಿಕೆ ಬರೆದ ದಿನವೇ ಗೊತ್ತಿದ್ದ ಸಂಗತಿ. ರತ್ಲಾಂನ ತೆರೆದ ಚರಂಡಿಗಳ ಪ್ರಕರಣದಲ್ಲಿ ‘ಹಣವಿಲ್ಲ’ ಎಂದ ಪುರಸಭೆಯ ನೆಪವನ್ನೇ 1980ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಆರ್.ಡಿ.ಒ. (ಕಂದಾಯ ವಿಭಾಗಾಧಿಕಾರಿ) ಮುಂದೆ ಹೋಗುವ ದಾರಿ ಬೇರೆ. ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ಅಲ್ಲಿ ಮೊದಲು ‘ತೊಂದರೆ ನಿಲ್ಲಿಸು, ಇಲ್ಲವೇ ಬಂದು ಕಾರಣ ಹೇಳು’ ಎಂಬ ಷರತ್ತಿನ ಆದೇಶ. ವಿಚಾರಣೆ ಮುಗಿಸಿ ಅದನ್ನು ಖಾಯಂ ಮಾಡುವಾಗ ಮಾರ್ಪಾಡಿಗೆ ಅವಕಾಶವುಂಟು.

ಸಣ್ಣ ಕೋರ್ಟಿನ ಆಜ್ಞೆಯ ಬೆಲೆ ನಮ್ಮವರಿಗೆ ಗೊತ್ತು. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದಕ್ಕೆ 1998ರಲ್ಲಿ ತಡೆ ಹಾಕಿದ್ದು ನಮ್ಮ ಜಿಲ್ಲೆಯದೇ ಆದ ಹೊಸದುರ್ಗದ ಮುನ್ಸಿಫ್ ಕೋರ್ಟು. ಆದ್ದರಿಂದಲೇ ಆ ನೋಟಿಸಿನ ವಿಚಾರ ನನ್ನನ್ನು ಕಾಡುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಸರ್ಕಾರದೊಡನೆ ಕನ್ನಡದಲ್ಲೇ ಪತ್ರ ಬರೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಮುಚ್ಚಳಿಕೆ ಸಡಿಲಿಸುವ ಅರ್ಜಿಯ ನೋಟಿಸು ಮಲಯಾಳದಲ್ಲಿ ಬಂದು, ಕನ್ನಡ ಮಾತ್ರ ಓದಬಲ್ಲ ಅಜ್ಜಿಯ ಮನೆಯ ಕಿಟಕಿಗೆ ಸಿಕ್ಕಿಸಿಕೊಂಡೇ ಉಳಿದರೆ, ತಕರಾರು ಹಾಕಬೇಕಾದ ದಿನ ಅವರಿಗೆ ತಿಳಿಯುವುದು ಹೇಗೆ?