ಮೆದುಳು ಗೆಡ್ಡೆ ಶಸ್ತ್ರಚಿಕಿತ್ಸೆ: ಮನೆಗೆ ಕಳಿಸುವ ಮುನ್ನ ಏನು ಹೇಳಿಕೊಡಬೇಕು

ಏನು ಹೇಳಬೇಕು ಅನ್ನುವುದಕ್ಕಿಂತ ಯಾರಿಗೆ ಹೇಳಬೇಕು ಅನ್ನುವುದೇ ಇಲ್ಲಿ ಮುಖ್ಯ. ಗೆಡ್ಡೆ ಫ್ರಾಂಟಲ್ ಲೋಬ್‌ನಲ್ಲಿದ್ದ (ಮೆದುಳಿನ ಮುಂಭಾಗದಲ್ಲಿದ್ದ) ರೋಗಿ ಎಲ್ಲಕ್ಕೂ "ಆಯ್ತು" ಎಂದು ತಲೆಯಾಡಿಸಿ, ಸ್ವಲ್ಪ ಹೊತ್ತಿಗೇ ಮರೆತಿರಬಹುದು. ಆದ್ದರಿಂದ ಮನೆಯಲ್ಲಿ ಮಾತ್ರೆ ಕೊಡುವವರನ್ನೂ ಅಡುಗೆ ಮಾಡುವವರನ್ನೂ ಕೂರಿಸಿಕೊಳ್ಳಿ. ಒಂದು ವಿಷಯ ಹೇಳಿ, ಅವರ ಬಾಯಲ್ಲೇ ತಿರುಗಿ ಹೇಳಿಸಿ, ಆಮೇಲೆ ಮುಂದಿನದು.

ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಮೆದುಳಿನ ಊತ ಇಳಿಸುತ್ತದೆ. ತಲೆನೋವು ಹೋಯ್ತಲ್ಲ ಎಂದು ಇದನ್ನು ತಟ್ಟನೆ ಬಿಡಬಾರದು. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ (ದೇಹದ ಸ್ವಂತ ಸ್ಟಿರಾಯ್ಡ್) ತಯಾರಿಕೆ ತಗ್ಗಿಸಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ. ವೈದ್ಯರು ಬರೆದ ಇಳಿಕೆಯ ಪ್ರಮಾಣವನ್ನು ತಾರೀಖಿನ ಸಮೇತ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಮಾತ್ರೆ ಆಹಾರದ ಜೊತೆಗೇ ಇರಲಿ. ರಾತ್ರಿ ತೆಗೆದುಕೊಂಡರೆ ನಿದ್ದೆ ಕೆಡುತ್ತದೆ. ಇದರಿಂದ ರಕ್ತದ ಸಕ್ಕರೆ ಏರಬಹುದು, ಪರೀಕ್ಷೆ ತಪ್ಪಿಸುವಂತಿಲ್ಲ. ನೆಲದಿಂದ ಏಳಲು ಕಷ್ಟಪಟ್ಟರೆ ಸೋಮಾರಿತನ ಎನ್ನಬೇಡಿ, ಸ್ಟಿರಾಯ್ಡ್‌ನಿಂದ ತೊಡೆಯ ಸ್ನಾಯು ಸೋತಿರಬಹುದು.

ಫಿಟ್ಸ್ ತಡೆಯಲು ಸಾಮಾನ್ಯವಾಗಿ ಲೆವೆಟಿರಾಸೆಟಮ್ ಇರುತ್ತದೆ, 12 ಗಂಟೆ ಅಂತರದಲ್ಲಿ. ಇದರಿಂದ ಸಿಡುಕು ಹೆಚ್ಚಬಹುದು. ಆಗ ವೈದ್ಯರಿಗೆ ತಿಳಿಸಬೇಕೇ ಹೊರತು ಮಾತ್ರೆ ನಿಲ್ಲಿಸಬಾರದು. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ ಹಿಡಿಯುವುದರಲ್ಲಿ ಸಮಯ ಹೋಗುತ್ತದೆ ಅಷ್ಟೆ. ಬಾಯಿಗೆ ಚಮಚ ತುರುಕುವುದಂತೂ ಅಪಾಯ. 5 ನಿಮಿಷ ದಾಟಿದರೆ, ಅಥವಾ ಪ್ರಜ್ಞೆ ಬರುವ ಮೊದಲೇ ಮತ್ತೆ ಬಂದರೆ, 108. ವೈದ್ಯರು ಒಪ್ಪುವವರೆಗೆ ಬೈಕು, ಟ್ರ್ಯಾಕ್ಟರ್ ಬೇಡ. ಮಂಡ್ಯದ ಕಡೆಯವರಾದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಒಬ್ಬರೇ ಇಳಿಯಬಾರದು ಎಂದು ಬಿಡಿಸಿ ಹೇಳಿ. "ಎಚ್ಚರಿಕೆಯಿಂದಿರಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಊಟದ ಪಾಠವನ್ನು ಪುಸ್ತಕದಿಂದ ಎತ್ತಿಕೊಡಬೇಡಿ. ಮಂಡ್ಯದ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ನುಂಗುವ ಶಕ್ತಿ ಕುಂದಿದವರಿಗೆ ಅದು ಗಂಟಲಲ್ಲೇ ಕೂರಬಹುದು. ನೀರು, ತಿಳಿಸಾರು ಸುಲಭ ಅನ್ನಿಸಿದರೂ ಅವೇ ಬೇಗ ಶ್ವಾಸನಾಳಕ್ಕೆ ಜಾರುತ್ತವೆ. ತುತ್ತಿನ ನಂತರ ಕೆಮ್ಮು, ದನಿಯಲ್ಲಿ ಗೊರಗೊರ ಕೇಳಿಸಿದರೆ ಬಾಯಿಂದ ಕೊಡುವುದನ್ನು ನಿಲ್ಲಿಸಿ ತೋರಿಸಬೇಕು. ನುಂಗುವ ಪರೀಕ್ಷೆ ಆದವರಿಗೆ ಸೂಚಿಸಿದಷ್ಟು ಗಟ್ಟಿಯಾದ ಗಂಜಿ, ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ; ಆಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಮಾತು, ನುಂಗುವಿಕೆಯ ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ.

ಗಾಯಕ್ಕೆ ಅರಿಶಿನ, ಹರಳೆಣ್ಣೆ ಸೋಕಿಸಬಾರದು. ಗಾಯದಿಂದಲೋ ಮೂಗಿನಿಂದಲೋ ತಿಳಿ ನೀರು ಒಸರಿ, ಬಗ್ಗಿದಾಗ ಹೆಚ್ಚಾದರೆ ಅದು ನೆಗಡಿ ಅಂದುಕೊಳ್ಳುವಂತಿಲ್ಲ. ಮೆದುಳಿನ ದ್ರವ ಸೋರುತ್ತಿರಬಹುದು, ಸೋರಿದ ದಾರಿಯಲ್ಲೇ ಸೋಂಕು ಒಳಹೋಗುತ್ತದೆ. ಹತ್ತಿ ತುರುಕದೆ ಅಂದೇ ಆಸ್ಪತ್ರೆಗೆ. ಜ್ವರದ ಜೊತೆ ಕತ್ತು ಬಿಗಿದರೂ, ಮಂಪರು ಹೆಚ್ಚಿದರೂ ಹಾಗೆಯೇ.

ಮಲಗುವಾಗ ತಲೆ 30 ಡಿಗ್ರಿ ಎತ್ತರ ಎಂದರೆ ಕತ್ತಿನಡಿ ದಿಂಬು ಪೇರಿಸುವುದಲ್ಲ. ಕತ್ತು ಮಡಚಿದರೆ ತಲೆಯಿಂದ ರಕ್ತ ಇಳಿಯುವುದಕ್ಕೇ ತಡೆಯಾಗುತ್ತದೆ, ಬೆನ್ನಿನಿಂದಲೇ ಎತ್ತರಿಸಿ. ತುಂಬಿದ ಕೊಡ ಎತ್ತುವುದು, ಮಲವಿಸರ್ಜನೆಗೆ ತಿಣುಕುವುದು ಬೇಡ. ಮಲಬದ್ಧತೆಗೆ ಮೊದಲೇ ಔಷಧಿ ಕೇಳಿಟ್ಟುಕೊಳ್ಳಿ.

ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಬಾರದು. ರಕ್ತನಾಳದೊಳಗೆ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.