ಗೋಡೆಯೂ ನುಡಿಯುವ ವಾದ್ಯ

ಕಾರವಾರದಲ್ಲಿ ಹಾರ್ಮೋನಿಯಂ ದುರಸ್ತಿ ಮಾಡುವ ನನ್ನ ಬಳಿಗೆ ಮಳೆಗಾಲ ಹಿಡಿದೊಡನೆ ಒಂದೇ ಬಗೆಯ ದೂರುಗಳು ಬರತೊಡಗುತ್ತವೆ. ಒತ್ತಿದ ಮನೆ (ಬೆರಳಿನಿಂದ ಒತ್ತುವ ಕೀಲಿ) ಮೇಲೇಳುವುದಿಲ್ಲ, ಬೆರಳು ತೆಗೆದರೂ ಸ್ವರ ನಿಲ್ಲುವುದಿಲ್ಲ. ಬಿಚ್ಚಿ ನೋಡಿದರೆ ಕಡಲ ಗಾಳಿಯ ತೇವ ಹೀರಿ ಮರ ಉಬ್ಬಿರುತ್ತದೆ, ಸ್ಪ್ರಿಂಗು ತುಕ್ಕು ಹಿಡಿದಿರುತ್ತದೆ. ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಟೌನ್‌ಹಾಲ್‌ನಲ್ಲಿ, ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ ಪೈಪ್ ಆರ್ಗನ್ ಕಛೇರಿ ಕೇಳಿದೆ. ಕೇಳುತ್ತಿದ್ದಷ್ಟು ಹೊತ್ತೂ ನನ್ನ ಮನಸ್ಸು ಈ ತೇವದ ಸುತ್ತಲೇ ತಿರುಗುತ್ತಿತ್ತು. ನಮ್ಮ ಪೆಟ್ಟಿಗೆಯನ್ನಾದರೆ ಎತ್ತಿಕೊಂಡು ಒಣ ಕೋಣೆಗೆ ಸಾಗಿಸಬಹುದು; 1890ರಿಂದ ಆ ಕಟ್ಟಡದಲ್ಲೇ ನೆಲೆನಿಂತಿರುವ, ಎಂಟು ಸಾವಿರಕ್ಕೂ ಮಿಕ್ಕಿದ ಕೊಳವೆಗಳ ವಾದ್ಯಕ್ಕೆ ಕಟ್ಟಡದ ಹವೆಯೇ ಗತಿ.

ಹಾರ್ಮೋನಿಯಂನಲ್ಲಿ ಸ್ವರದ ಎತ್ತರವನ್ನು ನಿರ್ಧರಿಸುವುದು ಗಾಳಿ ಹಾಯ್ದಾಗ ಕಂಪಿಸುವ ಹಿತ್ತಾಳೆಯ ತೆಳು ಪಟ್ಟಿ, ಅಂದರೆ ರೀಡು. ಅದರ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ರೀಡೇ ಇಲ್ಲ. ಕೊಳಲಿನಂತೆ ಒಳಗಿನ ಗಾಳಿಯ ಕಂಬವೇ ಅಲ್ಲಿ ನುಡಿಯುತ್ತದೆ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದದ ವೇಗ ಹೆಚ್ಚುವುದರಿಂದ, ಸಭಾಂಗಣದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಕೊಳವೆಗಳ ಶ್ರುತಿ ಅರ್ಧಸ್ವರದ (ಹಾರ್ಮೋನಿಯಂನಲ್ಲಿ ಒಂದು ಮನೆಗೂ ಅದರ ತೀರ ಪಕ್ಕದ ಮನೆಗೂ ಇರುವ ಅಂತರದ) ಸುಮಾರು ಮೂರನೆಯ ಒಂದು ಪಾಲು ಮೇಲಕ್ಕೆ ಸರಿಯುತ್ತದೆ. ಎಲ್ಲವೂ ಒಟ್ಟಿಗೆ ಸರಿದಿದ್ದರೆ ಕೇಳುಗರಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆದರೆ ಅದೇ ವಾದ್ಯದಲ್ಲಿ ತುತ್ತೂರಿಯ ದನಿಗಾಗಿ ರೀಡಿನ ಕೊಳವೆಗಳೂ ಇರುತ್ತವೆ, ಅವು ಅಷ್ಟು ಏರುವುದಿಲ್ಲ. ‘ಕಪ್ಪು ಎರಡು’ ಶ್ರುತಿಯಲ್ಲಿ ಹಾಡುವ ಭಾಗವತರ ಜೊತೆ ತುಸುವೇ ಏರಿದ ಶ್ರುತಿಪೆಟ್ಟಿಗೆ ಹಿಡಿದರೆ ಕಿವಿಗೆ ಹೇಗೆ ಹಿಂಸೆಯೋ, ಇದೂ ಹಾಗೆಯೇ. ಆದ್ದರಿಂದ ಶ್ರುತಿ ಮಾಡುವವರು ಕಛೇರಿಯ ಹೊತ್ತಿಗೆ ಇರಬಹುದಾದ ಉಷ್ಣತೆಗೆ ಸಭಾಂಗಣವನ್ನು ಮೊದಲು ತಂದುಕೊಂಡು, ಬಳಿಕ ರೀಡಿನ ಕೊಳವೆಗಳನ್ನು ಉಳಿದವುಗಳಿಗೆ ಹೊಂದಿಸುತ್ತಾರೆ.

ಚರ್ಚಿನ ವಾದ್ಯವೆಂದೇ ನಾವು ಬಲ್ಲ ಆರ್ಗನ್ ಊರಿನ ಸಾರ್ವಜನಿಕ ಸಭಾಂಗಣಕ್ಕೆ ಏಕೆ ಬಂತೆಂದು ಕೇಳುವವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ವಾದ್ಯವೃಂದವನ್ನು ಸಾಕುವ ಶಕ್ತಿ ಎಲ್ಲ ನಗರಗಳಿಗೂ ಇರಲಿಲ್ಲ. ವೃಂದಕ್ಕೆಂದು ಬರೆದ ಕೃತಿಗಳನ್ನು ಒಬ್ಬನೇ ವಾದಕ ಆರ್ಗನ್ನಿನಲ್ಲಿ ನುಡಿಸಿ ಸಾಮಾನ್ಯ ಜನರಿಗೆ ಮುಟ್ಟಿಸಬಹುದಿತ್ತು. ನ್ಯಾಯಾಲಯಗಳೂ ಸಂಗೀತವೂ ಒಂದೇ ಸೂರಿನಡಿ ಇದ್ದ ಲಿವರ್‌ಪೂಲಿನ ಸೇಂಟ್ ಜಾರ್ಜ್ಸ್ ಹಾಲ್‌ನಲ್ಲಿ ಹೆನ್ರಿ ವಿಲ್ಲಿಸ್ ಕಟ್ಟಿದ ಆರ್ಗನ್ 1855ರಲ್ಲಿ ಮೊದಲು ನುಡಿಯಿತು.

ಇಂಥ ವಾದ್ಯದ ಕೊಳವೆಗಳ ದನಿಯನ್ನು ಕೊನೆಗೆ ತಿದ್ದುವುದು ಕಾರ್ಖಾನೆಯಲ್ಲಲ್ಲ, ಆ ಸಭಾಂಗಣದಲ್ಲಿಯೇ, ಅದರ ಅನುರಣನಕ್ಕೆ, ಅಂದರೆ ಗೋಡೆ-ಮಾಡಿಗೆ ತಾಗಿ ಮರಳುವ ದನಿಗೆ, ಕಿವಿಗೊಟ್ಟು. ಮುಂದೆ ಯಾರಾದರೂ ಅಂದಕ್ಕೆಂದು ಗೋಡೆಗೆ ದಪ್ಪ ಪರದೆ ಬಿಟ್ಟು ನೆಲಕ್ಕೆ ಜಮಖಾನೆ ಹಾಸಿದರೆ ದನಿಯ ಅರ್ಧ ಜೀವವೇ ಹೋಗುತ್ತದೆ. ಹಳೆಯ ಸಭಾಂಗಣವನ್ನು ನವೀಕರಿಸುವಾಗ ಇಂಜಿನಿಯರ್ ಜೊತೆಗೆ ಶ್ರುತಿ ಮಾಡುವವರನ್ನೂ ಕರೆದು ಕೇಳಬೇಕೆಂಬ ನನ್ನ ಮಾತನ್ನು ನಮ್ಮ ಕರಾವಳಿಯ ಹೆಂಚಿನ ಮಾಡಿನ ರಂಗಮಂದಿರಗಳಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಅಲ್ಲಿ ತಗಡಿನ ಮಾಡು ಬಂದ ಮೇಲೆ ಆಷಾಢದ ಮಳೆಯಲ್ಲಿ ತಂಬೂರಿ ಕೇಳಿಸುವುದೇ ಇಲ್ಲ.

ಆರ್ಗನ್ ಶ್ರುತಿ ಮಾಡಲು ಇಬ್ಬರು ಬೇಕು. ಒಬ್ಬರು ಮನೆ ಒತ್ತಿ ಹಿಡಿದರೆ ಇನ್ನೊಬ್ಬರು ಕೊಳವೆಗಳ ನಡುವೆ ನಿಂತು ತಿದ್ದುತ್ತಾರೆ. ಸಣ್ಣ ಕೊಳವೆಗೆ ಕೈಯ ಬಿಸಿ ತಾಗಿದರೂ ಶ್ರುತಿ ಏರುವುದರಿಂದ, ಮುಟ್ಟಿದ ಮೇಲೆ ಅದು ಆರುವವರೆಗೆ ಕಾದು ಮತ್ತೆ ಕೇಳಬೇಕಾಗುತ್ತದೆ.